ಬಿಯರ್ಡೆಡ್ ಡ್ರ್ಯಾಗನ್ ಮನೆಯಲ್ಲಿ ಅಡ್ಡಾಡಲು ಬಿಡುವುದು ಹೇಗೆ?

ಟ್ಯಾಂಕಿನ ಗಾಜಿಗೆ ಎದೆಯೊತ್ತಿ ನಿಂತು ಮುಂಗಾಲಿನಿಂದ ಪರಪರ ಕೆರೆಯುವ ಬಿಯರ್ಡೆಡ್ ಡ್ರ್ಯಾಗನ್ ಕಂಡರೆ ಯಾರಿಗಾದರೂ ಬಾಗಿಲು ತೆಗೆದುಬಿಡೋಣ ಅನ್ನಿಸುತ್ತದೆ. ತೆಗೆಯಬಹುದು. ಆದರೆ ಇದು ಓತಿಕ್ಯಾತದ ಕುಟುಂಬಕ್ಕೇ ಸೇರಿದ, ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯ ಜೀವಿ. ಮೈ ಬೆಚ್ಚಗಿಟ್ಟುಕೊಳ್ಳಲು ಅದಕ್ಕೆ ಹೊರಗಿನ ಬಿಸಿಯೇ ಬೇಕು. ಮೈ ಕಾಯಿಸಿಕೊಳ್ಳಲೆಂದು ಟ್ಯಾಂಕಿಗೆ ಹಾಕುವ ಬಾಸ್ಕಿಂಗ್ ಲೈಟಿನ ಕೆಳಗೆ 38ರಿಂದ 42 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ಕಲ್ಲಿನ ಮೇಲೆ ಕೂತು ಗಳಿಸಿದ ಶಾಖವನ್ನೇ ಅದು ಹೊರಗೆ ಖರ್ಚು ಮಾಡುತ್ತದೆ. ನೆಲಕ್ಕೆ ಬಿಟ್ಟ ಗಳಿಗೆಯಿಂದಲೇ ಖರ್ಚು ಶುರು. ಎಷ್ಟು ಜಾಗ ಕೊಡಬೇಕು ಎಂದು ತಲೆಕೆಡಿಸಿಕೊಳ್ಳುವವರು ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಮರೆಯುತ್ತಾರೆ.

ನೆಲದ ಬಿಸಿ ಅಳೆಯಿರಿ

ಗೋಡೆಗೆ ನೇತುಹಾಕಿದ ಥರ್ಮಾಮೀಟರ್ ನಿಮ್ಮ ಎದೆಮಟ್ಟದ ಗಾಳಿಯ ಲೆಕ್ಕ ಹೇಳುತ್ತದೆ. ಓತಿಯ ಹೊಟ್ಟೆ ತಾಗುವುದು ನೆಲಕ್ಕೆ. ಟೈಲ್ಸ್, ಗ್ರಾನೈಟ್ ನೆಲ ಗಾಳಿಗಿಂತ ತಣ್ಣಗಿರಬಹುದು, ಮೇಲಾಗಿ ಮೈಶಾಖವನ್ನು ಬೇಗ ಹೀರಿಕೊಳ್ಳುತ್ತದೆ. ಗನ್ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಕೋಣೆಯ ನಾಲ್ಕೈದು ಕಡೆ ನೆಲದ ಬಿಸಿ ನೋಡಿ. 22 ಡಿಗ್ರಿಗಿಂತ ಕಡಿಮೆ ಇದ್ದರೆ ಅವತ್ತು ಬಿಡುವುದೇ ಬೇಡ. 22ರಿಂದ 25 ಇದ್ದರೆ ಹದಿನೈದಿಪ್ಪತ್ತು ನಿಮಿಷ ಸಾಕು. 26 ದಾಟಿದ್ದರೆ 45 ನಿಮಿಷ, ಹೆಚ್ಚೆಂದರೆ ಒಂದು ಗಂಟೆ. ಇದು 45ರಿಂದ 60 ಸೆಂಟಿಮೀಟರ್ ಉದ್ದ ಬೆಳೆದ ಪ್ರಾಣಿಯ ಲೆಕ್ಕ. ಆರು ತಿಂಗಳೊಳಗಿನ ಮರಿಯ ಪುಟ್ಟ ಮೈ ಬಹಳ ಬೇಗ ತಣಿಯುತ್ತದೆ, ಸಂದಿಗೆ ನುಗ್ಗಿದರೆ ಕೈಗೂ ಸಿಗುವುದಿಲ್ಲ. ಮರಿಯನ್ನು ಬಿಡಬೇಡಿ.

ಹೊತ್ತಿನ ಲೆಕ್ಕವೂ ಬಿಸಿಯ ಮೇಲೆಯೇ ನಿಂತಿದೆ. ಬೆಳಿಗ್ಗೆ ಲೈಟ್ ಹಾಕಿ ಎರಡು ಗಂಟೆಯಾದರೂ ಮೈ ಕಾಯಿಸಿಕೊಳ್ಳಲಿ. ಆಹಾರ ಕೊಟ್ಟಿದ್ದರೆ ಆಮೇಲೆ ಮತ್ತೆರಡು ಗಂಟೆ ಬಿಸಿಯಲ್ಲೇ ಇರಬೇಕು. ಹೊಟ್ಟೆ ತಣ್ಣಗಾದರೆ ತಿಂದದ್ದು ಜೀರ್ಣವಾಗದೆ ಒಳಗೇ ಕೊಳೆಯಬಹುದು. ಸಂಜೆ ಲೈಟ್ ಆರಿಸುವ ಹೊತ್ತಿಗೆ ಹೊರಗೆ ಬಿಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ವಾಪಸು ಹೋದ ಮೇಲೆ ಮೈ ಕಾಯಿಸಿಕೊಳ್ಳಲು ಒಂದೆರಡು ಗಂಟೆ ಬೆಳಕು ಉಳಿದಿರಬೇಕು.

ಕೋಣೆ ಸಿದ್ಧಪಡಿಸುವುದು

ಇಡೀ ಮನೆ ಬೇಡ, ಒಂದು ಕೋಣೆ ಆರಿಸಿಕೊಳ್ಳಿ. ಅಡುಗೆಮನೆ ಮಾತ್ರ ಬೇಡವೇ ಬೇಡ, ಅದರ ಕಾರಣ ಮುಂದೆ ಬರುತ್ತದೆ. ನಂತರ ನೀವೇ ನೆಲದ ಮೇಲೆ ಬೋರಲು ಮಲಗಿ ಟಾರ್ಚ್ ಬಿಟ್ಟು ನೋಡಿ. ನಿಂತಾಗ ಕಾಣದ್ದೆಲ್ಲ ಆಗ ಕಾಣುತ್ತದೆ: ಸೋಫಾದಡಿಯ ಗುಂಡಿ, ಮಣಿ, ಹೇರ್‌ಬ್ಯಾಂಡ್, ಥರ್ಮೋಕೋಲ್ ಚೂರು. ಡ್ರ್ಯಾಗನ್ ಲೋಕವನ್ನು ನಾಲಿಗೆಯಿಂದ ತಿಳಿಯುವ ಜೀವಿ. ನೆಕ್ಕಿ ನೋಡಿದ್ದನ್ನು ನುಂಗಿಯೂ ಬಿಡಬಹುದು, ನುಂಗಿದ್ದು ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್‌ವರೆಗೆ ಹೋಗುತ್ತದೆ. (ಬಣ್ಣ ಹಚ್ಚಿದ ಕಾಲ್ಬೆರಳ ಉಗುರೂ ಅದರ ಕಣ್ಣಿಗೆ ತಿನ್ನುವ ಪದಾರ್ಥವೇ. ಸಾಕ್ಸ್ ಹಾಕಿಕೊಳ್ಳಿ.)

ಎರಡು ಬೆರಳು ಹೋಗುವ ಸಂದುಗಳನ್ನೆಲ್ಲ ಸುತ್ತಿದ ಟವೆಲ್ ಅಥವಾ ರಟ್ಟಿನಿಂದ ಮುಚ್ಚಿ. ನೋಡಲು ದಪ್ಪವೆನಿಸುವ ಮೈಯನ್ನು ಇದು ರೊಟ್ಟಿಯಂತೆ ಚಪ್ಪಟೆ ಮಾಡಿಕೊಳ್ಳಬಲ್ಲದು. ಮಡಚುವ ಸೋಫಾ, ರಿಕ್ಲೈನರ್ ಇರುವ ಕೋಣೆಯಾದರೆ ಅದರ ಮೇಲೆ ಯಾರೂ ಕೂರಬಾರದು. ಬಾಗಿಲಿಗೆ ಹೊರಗಿನಿಂದ ‘ಓತಿ ಹೊರಗಿದೆ’ ಎಂದು ಚೀಟಿ ಅಂಟಿಸಿ. ಹಲ್ಲಿಯ ಬಾಲ ತುಂಡಾದರೆ ಮತ್ತೆ ಬೆಳೆಯುತ್ತದೆ, ಬಾಗಿಲಿಗೆ ಸಿಕ್ಕಿ ತುಂಡಾದ ಇದರ ಬಾಲ ಬೆಳೆಯುವುದಿಲ್ಲ. ನಾಯಿ, ಬೆಕ್ಕು ಎಷ್ಟೇ ಸಾಧುವಾಗಿರಲಿ, ಬೇರೆ ಕೋಣೆಯಲ್ಲಿರಲಿ.

ಕುಂಡದ ಗಿಡಗಳಲ್ಲಿ ಮನಿ ಪ್ಲಾಂಟ್, ಡೀಫನ್‌ಬಾಕಿಯಾ, ಫಿಲೋಡೆಂಡ್ರಾನ್ ಎಲೆ ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಕಣಗಿಲೆ ಜೀವಕ್ಕೇ ಅಪಾಯ. ಎಲ್ಲವನ್ನೂ ಹೊರಗಿಡಿ. ಜಿರಳೆ, ಇರುವೆಗೆ ಔಷಧ ಹೊಡೆದ ಕೋಣೆಯನ್ನು ಬಳಸಬೇಡಿ. ಫಿನಾಯಿಲ್ ಹಾಕಿ ಒರೆಸಿದ್ದರೆ ಬರಿನೀರಿನಲ್ಲಿ ಇನ್ನೆರಡು ಸಲ ಒರೆಸಿ ಒಣಗಿಸಿ. ಕಿಟಕಿಯಿಂದ ಒಳಬಂದ ಮಿಣುಕುಹುಳ ಮೂಲೆಯಲ್ಲಿ ಬಿದ್ದಿದೆಯೇ ಎಂದೂ ನೋಡಿ. ಅದರ ಮೈಯ ವಿಷಕ್ಕೆ ಒಂದೇ ಹುಳ ತಿಂದ ಡ್ರ್ಯಾಗನ್ ಕೂಡ ಸಾಯಬಹುದು.

ನುಣುಪು ಟೈಲ್ಸ್ ಮೇಲೆ ಕಾಲು ಜಾರಿ ಅಗಲಕ್ಕೆ ಹೋಗುತ್ತವೆ. ಅಲ್ಲಲ್ಲಿ ಒತ್ತಾಗಿ ನೇಯ್ದ ಮ್ಯಾಟ್ ಹಾಸಿ. ಕುಣಿಕೆ ಕುಣಿಕೆಯಾದ ಕಾರ್ಪೆಟ್ ಬೇಡ. ಉಗುರು ಸಿಕ್ಕಿಕೊಂಡಾಗ ಅದು ಎಳೆದಾಡಿ ಬೆರಳನ್ನೇ ಕಿತ್ತುಕೊಳ್ಳುತ್ತದೆ.

ಬಿಡುವ ಕ್ರಮ

ಬಿಡುವ ಮುನ್ನ ಮುಂಗೈಗೆ ಹಿತವಾದ ಬೆಚ್ಚನೆ ನೀರಿನಲ್ಲಿ, ಅದರ ಭುಜ ಮುಳುಗದಷ್ಟು ಆಳಕ್ಕೆ, ಐದರಿಂದ ಹತ್ತು ನಿಮಿಷ ಕೂರಿಸಿ. ಅನೇಕ ಡ್ರ್ಯಾಗನ್‌ಗಳು ನೀರಿನಲ್ಲೇ ಹಿಕ್ಕೆ ಹಾಕುತ್ತವೆ, ನಿಮ್ಮ ನೆಲ ಉಳಿಯುತ್ತದೆ. ಚೆನ್ನಾಗಿ ಒರೆಸಿ, ಅರ್ಧ ಗಂಟೆ ಲೈಟಿನಡಿ ಬಿಟ್ಟ ಮೇಲೆಯೇ ಹೊರಗೆ. ಒದ್ದೆ ಮೈ ಬೇಗ ತಣ್ಣಗಾಗುತ್ತದೆ.

ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ. ಎತ್ತಿ ಕೋಣೆಯ ನಡುವೆ ಇಳಿಸಬೇಡಿ. ಟ್ಯಾಂಕಿನ ಬಾಗಿಲಿಗೆ ಒರಟು ಹಲಗೆಯೊಂದನ್ನು ಓರೆಯಾಗಿ ಇಟ್ಟರೆ ತಾನೇ ಇಳಿಯುತ್ತದೆ, ದಾರಿ ಗೊತ್ತಾದ ಮೇಲೆ ಕೆಲವು ತಾವಾಗಿ ಹತ್ತಿ ವಾಪಸೂ ಹೋಗುತ್ತವೆ. ನೀವು ನೆಲದ ಮೇಲೆಯೇ ಕೂತಿರಿ. ಅದರ ನೆತ್ತಿಯ ನಡುವೆ ಮಸುಕಾದ ಚುಕ್ಕೆಯಂಥ ಪೊರೆಯೊಂದು ಇರುತ್ತದೆ. ಅದು ಮೂರನೆಯ ಕಣ್ಣು: ಚಿತ್ರ ಕಾಣದು, ನೆರಳು ಮಾತ್ರ ತಿಳಿಯುತ್ತದೆ. ಮೇಲಿನಿಂದ ಬರುವ ಕೈ ಅದರ ಪಾಲಿಗೆ ಹದ್ದು. ಪಕ್ಕದಿಂದ ಕೈ ಚಾಚಿ, ಎದೆಯಡಿ ಅಂಗೈ ಜಾರಿಸಿ, ನಾಲ್ಕೂ ಕಾಲಿಗೆ ಆಸರೆ ಕೊಟ್ಟು ಎತ್ತಿ.

ಬಾಲ ಮೇಲೆತ್ತಿ, ಕತ್ತು ಚಾಚಿ ನಡೆಯುತ್ತಿದ್ದರೆ ಕುತೂಹಲ. ಗಡ್ಡ ಕಪ್ಪಾಗಿ ಊದಿ ಬಾಯಿ ತೆರೆದರೆ ಹೆದರಿದೆ, ಅವತ್ತಿಗೆ ಸಾಕು. ಮೈ ಕಪ್ಪೇರಿ, ಹೊಟ್ಟೆ ಎಳೆದುಕೊಂಡು ನಿಧಾನವಾದರೆ ಚಳಿ ಹಿಡಿದಿದೆ. ‘ಎಷ್ಟು ಶಾಂತವಾಗಿದೆ’ ಎಂದು ಫೋಟೊ ತೆಗೆಯುವವರು ತಪ್ಪು ಓದುವುದು ಇದನ್ನೇ. ಹೆಣ್ಣು ಮೂಲೆಮೂಲೆಯಲ್ಲಿ ಕೆರೆಯುತ್ತಿದ್ದರೆ ಮೊಟ್ಟೆಗೆ ಜಾಗ ಹುಡುಕುತ್ತಿರಬಹುದು. ಗಂಡಿನ ಸಂಗವಿಲ್ಲದೆಯೂ ಅದು ಮೊಟ್ಟೆ ಇಡುತ್ತದೆ. ಅಡ್ಡಾಟ ನಿಲ್ಲಿಸಿ, ತೇವದ ಮರಳುಮಣ್ಣು ತುಂಬಿದ ಆಳದ ಡಬ್ಬ ಕೊಡಿ.

ಕಿಟಕಿ ಬಿಸಿಲಿಗೆ ಕೂತಿತ್ತು, ಯುವಿಬಿ ಎಂಬ ಅತಿನೇರಳೆ ಕಿರಣ ಸಿಕ್ಕಿತು ಅಂದುಕೊಳ್ಳಬೇಡಿ. ಮೂಳೆಗೆ ಬೇಕಾದ ಆ ಕಿರಣವನ್ನು ಕಿಟಕಿಯ ಗಾಜು ಬಹುಪಾಲು ತಡೆಯುತ್ತದೆ. ಈ ಕಿರಣ ಕೊಡುವ ಟ್ಯೂಬ್‌ಲೈಟಿನಿಂದ ದೂರ ಸರಿದಂತೆ ಅದರ ಕಿರಣವೂ ಸರಸರನೆ ಇಳಿಯುವುದರಿಂದ ಚಾವಣಿಗೆ ಯುವಿಬಿ ಟ್ಯೂಬ್ ಹಾಕಿ ಇಡೀ ದಿನ ಬಿಡುತ್ತೇವೆ ಎಂಬ ಉಪಾಯವೂ ನಡೆಯುವುದಿಲ್ಲ. ದಿನದ ಹತ್ತು ಹನ್ನೆರಡು ಗಂಟೆಯ ಬೆಳಕು ಟ್ಯಾಂಕಿನಲ್ಲೇ ಸಿಗಬೇಕು.

ಒಳಗೆ ಬಿಟ್ಟ ಮೇಲೆ

ಟ್ಯಾಂಕಿಗೆ ಬಿಡುವ ಮೊದಲು ಬೆರಳುಗಳನ್ನು ಒಂದೊಂದಾಗಿ ನೋಡಿ. ನೆಲದ ಕೂದಲೆಳೆ ಬೆರಳಿಗೆ ಸುತ್ತಿಕೊಂಡು ಬಿಗಿದರೆ ರಕ್ತ ನಿಂತು ತುದಿ ಕಪ್ಪಾಗುತ್ತದೆ, ಕೊನೆಗೆ ಬೆರಳೇ ಉದುರುತ್ತದೆ. ಎಳೆ ತೆಳ್ಳಗಿದ್ದಷ್ಟೂ ಕಾಣುವುದು ಕಷ್ಟ, ಬೆಳಕಿಗೆ ಹಿಡಿದು ನೋಡಿ.

ಆರೋಗ್ಯವಾಗಿ ಕಾಣುವ ಡ್ರ್ಯಾಗನ್ ಹಿಕ್ಕೆಯಲ್ಲೂ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅಡುಗೆಮನೆ ಬೇಡ ಎಂದದ್ದು ಇದಕ್ಕೇ, ಊಟದ ಮೇಜೂ ಬೇಡ. ಓಡಾಡಿದ ನೆಲ ಒರೆಸಿ, ಸೋಪು ಹಾಕಿ ಕೈ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳು ಆ ನೆಲದಲ್ಲಿ ತೆವಳುವುದಾಗಲಿ, ಅದನ್ನು ಮುಟ್ಟುವುದಾಗಲಿ ಬೇಡ.

ಇಷ್ಟಾದರೂ ಒಂದು ದಿನ ಕಣ್ತಪ್ಪಿಸಿ ಹೋದರೆ ಪೀಠೋಪಕರಣ ಎಳೆದಾಡಬೇಡಿ, ಅಡಿಯಲ್ಲಿ ಸಿಕ್ಕಿ ಜಜ್ಜಿಹೋಗುತ್ತದೆ. ಮೊದಲು ಬೆಚ್ಚನೆಯ ಕತ್ತಲ ಜಾಗ ನೋಡಿ: ಫ್ರಿಜ್ ಹಿಂದೆ, ಸೆಟ್‌ಟಾಪ್ ಬಾಕ್ಸ್ ಪಕ್ಕ. ಆಮೇಲೆ ಪರದೆಯ ಮೇಲ್ತುದಿ. ಹತ್ತುವುದರಲ್ಲಿ ಇದು ನಿಪುಣ. ರಾತ್ರಿ ಅದು ನಿದ್ದೆಯಲ್ಲಿರುವುದರಿಂದ ಹುಡುಕಾಟ ವ್ಯರ್ಥ. ಬೆಳಿಗ್ಗೆ ಕೋಣೆಯ ಒಂದು ಮೂಲೆಯಲ್ಲಿ ಬಾಸ್ಕಿಂಗ್ ಲೈಟ್ ಹಾಕಿ, ಕೆಳಗೆ ಚಪ್ಪಟೆ ಕಲ್ಲಿಟ್ಟು, ಬಟ್ಟೆ ಪರದೆಗಳಿಂದ ಲೈಟನ್ನು ದೂರವಿಟ್ಟು, ಸದ್ದಿಲ್ಲದೆ ಕೂತಿರಿ. ಸ್ವಲ್ಪ ಹೊತ್ತಿಗೆ ಟೈಲ್ಸ್ ಮೇಲೆ ಉಗುರಿನ ಟಕಟಕ ಕೇಳಿಸುತ್ತದೆ.