ಮೂಳೆ ತುಂಬಲಿ ಅಂತ ಕಾದೆ

ಗಾಂಧಿ ಬಜಾರಿನಲ್ಲಿ ಹೂ ಕಟ್ಟಿ ಮಾರುವ ಹೆಂಗಸು. ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾದ ಮೇಲಿನ ಮುಂದಿನ ಹಲ್ಲು ಕಪ್ಪಾಗಿ ವರ್ಷಗಳಾಗಿದ್ದವು. ನೋವಿಲ್ಲ ಅಂತ ಬಿಟ್ಟಿದ್ದರು. ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬಂದದ್ದು ಅಂಗುಳು ಊದಿಕೊಂಡ ಮೇಲೆ. ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಎಕ್ಸ್-ರೇ ಸ್ಕ್ಯಾನಿನಲ್ಲಿ ಬೇರಿನ ತುದಿಯ ಸುತ್ತ 18 ಮಿ.ಮೀ. ಅಗಲದ ಕಪ್ಪು ಪೊಳ್ಳು. ಸತ್ತ ಹಲ್ಲಿನ ಬೇರಿನಲ್ಲಿ ಬೆಳೆಯುವ ನೀರುಗಡ್ಡೆ, ರ‍್ಯಾಡಿಕ್ಯುಲರ್ ಸಿಸ್ಟ್. ದವಡೆಯ ಸಿಸ್ಟ್‌ಗಳಲ್ಲಿ ಇದೇ ಹೆಚ್ಚು.

ಸುತ್ತಲಿನ ಮೂಳೆ ಕರಗಿ ಹಲ್ಲು ಅಲ್ಲಾಡುತ್ತಿತ್ತು, ಕೀಳಲೇಬೇಕಾಯಿತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಸಡು ಬಿಡಿಸಿ, ಕ್ಯೂರೆಟ್ ಎಂಬ ಚಮಚದಂಥ ಉಪಕರಣದಿಂದ ಗಡ್ಡೆಯ ಚೀಲವನ್ನು ಮೆಲ್ಲಗೆ ಎಬ್ಬಿಸಿದೆ. ಚೂರು ಉಳಿದರೂ ಮತ್ತೆ ಬೆಳೆದೀತು. ಒಂದು ಕಡೆ ಹರಿದು ತಿಳಿಹಳದಿ ನೀರು ಬಂತು, ಅದರಲ್ಲಿ ಲೈಟಿಗೆ ಮಿಣಮಿಣ ಹೊಳೆಯುವ ಕೊಲೆಸ್ಟ್ರಾಲ್ ಹರಳುಗಳು. ಚೀಲವನ್ನು ಫಾರ್ಮಲಿನ್‌ನಲ್ಲಿ ಹಾಕಿ ಬಯಾಪ್ಸಿಗೆ ಕಳಿಸಿದೆ. ಇದನ್ನು ಯಾರೂ ಬಿಡಬಾರದು. ಸ್ಕ್ಯಾನಿನಲ್ಲಿ ಹೀಗೇ ಕಾಣುವ ಕೆರಟೋಸಿಸ್ಟ್ ಎಂಬ ಇನ್ನೊಂದು ಗಡ್ಡೆ ಮರುಕಳಿಸುವ ಜಾತಿಯದು. ಅದಾಗಿದ್ದರೆ ಇಂಪ್ಲಾಂಟ್, ಅಂದರೆ ಹೊಸ ಹಲ್ಲಿಗೆ ಬೇರಾಗಿ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ತಿರುಪಿನ ವಿಷಯ ಇನ್ನೂ ದೂರ ಹೋಗುತ್ತಿತ್ತು.

"ಕಿತ್ತ ದಿನಾನೇ ಹೊಸ ಹಲ್ಲು ಹಾಕ್ತಾರಂತಲ್ಲ ಡಾಕ್ಟ್ರಮ್ಮ, ನೀವ್ಯಾಕೆ ಇಷ್ಟು ತಿಂಗಳು ಅಂತೀರ?"

"ಒಣಗದ ಗಾರೆಗೆ ಮೊಳೆ ಹೊಡೆದ್ರೆ ನಿಲ್ಲುತ್ತೇನಮ್ಮ?" ಅಂದೆ. ಅದನ್ನು ನಾನು ಕಲಿತದ್ದು ರೋಗಿಯೊಬ್ಬರ ಬಾಯಿಯಲ್ಲೇ. ಹಿಂದೊಮ್ಮೆ ಇಂಥದೇ ಕೇಸಿನಲ್ಲಿ ಅವಸರಪಟ್ಟು ನಾಲ್ಕೇ ತಿಂಗಳಿಗೆ ಇಂಪ್ಲಾಂಟ್ ಇಟ್ಟೆ. ಆರು ವಾರಕ್ಕೆ ಅದು ಬೆರಳಲ್ಲೇ ತಿರುಗಿತು. ಆ ರೋಗಿಯ ಮುಖ ಇವತ್ತಿಗೂ ಕಣ್ಣ ಮುಂದಿದೆ. ಟೈಟಾನಿಯಂ ಮೂಳೆಗೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ವೈದ್ಯ ವಿಜ್ಞಾನಿ ಬ್ರೋನೆಮಾರ್ಕ್ ಮೊಲದ ಕಾಲಿನಲ್ಲಿ ಕಂಡರು, 1965ರಲ್ಲಿ ಮೊದಲ ರೋಗಿಗೆ ಇಟ್ಟರು. ಆದರೆ ಬೆಸೆದುಕೊಳ್ಳಲು ಅಲ್ಲಿ ಮೂಳೆ ಇರಬೇಕಲ್ಲ!

ಮೂಳೆ ತುಂಬುವವರೆಗೆ ಹೂವಿನ ಹೆಂಗಸಿಗೆ ತೆಗೆದು ಹಾಕುವ ಹಲ್ಲು ಕೊಟ್ಟೆ. ಅವರಿಗೆ ಅದು ಒಂದು ದಿನವೂ ಒಗ್ಗಲಿಲ್ಲ. ಹೂವಿನ ದಾರವನ್ನು ಹಲ್ಲಲ್ಲೇ ಕಡಿಯುವ ಅಭ್ಯಾಸ ಬೇರೆ. ಒಂಬತ್ತನೇ ತಿಂಗಳ ಸ್ಕ್ಯಾನಿನಲ್ಲಿ ಪೊಳ್ಳಿನ ಒಳಗೆಲ್ಲ ಬೆಳ್ಳಗೆ ಮೂಳೆ ಬಂದಿತ್ತು, ತುಟಿಯ ಕಡೆ ಮಾತ್ರ ತೆಳುವಾಗಿತ್ತು. ತಣ್ಣನೆಯ ಸಲೈನ್ ಬಿಡುತ್ತಾ ನಿಧಾನವಾಗಿ ಕೊರೆದೆ, ಬಿಸಿಯಾದರೆ ಮೂಳೆ ಸಾಯುತ್ತದೆ. 3.5 ಮಿ.ಮೀ. ದಪ್ಪದ ಇಂಪ್ಲಾಂಟ್ 35 ನ್ಯೂಟನ್ ಸೆಂಟಿಮೀಟರ್ ಬಿಗಿಯಲ್ಲಿ ಕೂತಿತು. ತೆಳುವಾದ ಕಡೆ ಮೂಳೆಪುಡಿ ತುಂಬಿ ಹೊಲಿದೆ.

ಮತ್ತೆ ಐದು ತಿಂಗಳು ಬಿಟ್ಟು ಇಂಪ್ಲಾಂಟ್ ಮೇಲೆ ಹಲ್ಲಿನ ಕ್ಯಾಪ್ ಕೂರಿಸಿದ ದಿನ ಒಂದೇ ಮಾತು ಹೇಳಿದ್ದು: ದಾರ ಹಲ್ಲಲ್ಲಿ ಕಡಿಯಬೇಡಿ. ಈಗ ಅವರ ಹೂವಿನ ಬುಟ್ಟಿಗೆ ಒಂದು ಪುಟ್ಟ ಕತ್ತರಿ ನೇತಾಡುತ್ತಿದೆ.