ಸರ್ವರ್ ಕೋಣೆಯಿಂದ ಕ್ಲೌಡ್‌ಗೆ: ನೂರರ ಖರ್ಚನ್ನು ಅರವತ್ತೆರಡಕ್ಕೆ ಇಳಿಸಿದ ನನ್ನ ಅನುಭವ

ಎರಡು ವರ್ಷಗಳ ಹಿಂದೆ, ಸುಮಾರು ನಲವತ್ತೈದು ಜನ ಕೆಲಸ ಮಾಡುವ ನಮ್ಮ ವ್ಯಾಪಾರ ಸಂಸ್ಥೆಯ ನಾಲ್ಕು ಸರ್ವರ್‌ಗಳನ್ನು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಯಂತ್ರಗಳಿಗೆ, ಸಾಗಿಸುತ್ತೇನೆಂದು ನಾನು ಹೇಳಿದಾಗ ಒಬ್ಬರೂ ಮನಸಾರೆ ಒಪ್ಪಿರಲಿಲ್ಲ. ಇದು ಇನ್ನೂ ಪಳಗದ ವಿದ್ಯೆ ಎಂದವರಿಗೆ ಉತ್ತರ ಕೊಡುವುದು ಸುಲಭವಿತ್ತು. ಅಮೆಜಾನ್ ತನ್ನ ಎಸ್3 (ಕಡತ ಸಂಗ್ರಹ) ಮತ್ತು ಇಸಿ2 (ಬಾಡಿಗೆ ಯಂತ್ರ) ಎಂಬ ಕ್ಲೌಡ್ ಸೇವೆಗಳನ್ನು ಹೊರತಂದದ್ದು 2006ರಲ್ಲಿ, ಅಂದರೆ ನಮ್ಮ ಅತ್ಯಂತ ಹಳೆಯ ಸರ್ವರ್‌ಗಿಂತಲೂ ಬಹಳ ಮೊದಲು. ಆದರೆ ನಮ್ಮ ಲೆಕ್ಕಪತ್ರ ವಿಭಾಗದ ಹಿರಿಯರ ಮಾತನ್ನು ತಳ್ಳಿಹಾಕುವುದು ಅಷ್ಟು ಸುಲಭವಿರಲಿಲ್ಲ. "ಸ್ವಂತದ್ದನ್ನು ಬಿಟ್ಟು ಬಾಡಿಗೆಗೆ ಹೋಗುತ್ತಿದ್ದೀರಿ, ಬಾಡಿಗೆಗೆ ಕೊನೆಯೆಂಬುದು ಇರುವುದಿಲ್ಲ, ನೋಡಿಕೊಳ್ಳಿ" ಎಂದು ಅವರು ಹೇಳಿದ್ದರು. ಮೊದಲ ಮೂರು ತಿಂಗಳು ಅವರ ಮಾತೇ ನಿಜವಾಯಿತು. ಈಗ ಹಾಗಿಲ್ಲ. ಇದೇ ದಾರಿಯಲ್ಲಿ ಹೊರಟವರಿಗೆ ಪ್ರಯೋಜನವಾದೀತೆಂದು ನಡೆದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಅಂಕಿಗಳಲ್ಲಿ ಒಂದೆರಡರ ವ್ಯತ್ಯಾಸ ಇರಬಹುದು.

ಹಳೆಯ ವ್ಯವಸ್ಥೆಯ ತಿಂಗಳ ಖರ್ಚನ್ನು ನೂರು ಎಂದು ಇಟ್ಟುಕೊಳ್ಳೋಣ. ಯಂತ್ರಗಳ ಬೆಲೆಯನ್ನು 60 ತಿಂಗಳಿಗೆ ಹಂಚಿದರೆ 41, ವಿದ್ಯುತ್ತು ಮತ್ತು ಹವಾನಿಯಂತ್ರಣಕ್ಕೆ 22, ಯುಪಿಎಸ್ ಬ್ಯಾಟರಿ ಮತ್ತು ವಾರ್ಷಿಕ ನಿರ್ವಹಣೆಯ ಒಪ್ಪಂದಕ್ಕೆ 13, ಬ್ಯಾಕಪ್ ಡಿಸ್ಕುಗಳಿಗೆ 6, ನಾನು ಮತ್ತು ನನ್ನ ಸಹಾಯಕ ಆ ಕೋಣೆಯಲ್ಲಿ ಕಳೆಯುತ್ತಿದ್ದ ಸಮಯಕ್ಕೆ 18. ಲೆಕ್ಕಪತ್ರ ವಿಭಾಗ ಒಪ್ಪಿದ್ದು ಇದರಲ್ಲಿ ಎರಡನ್ನು ಮಾತ್ರ, ಯಂತ್ರಗಳ ಬೆಲೆ ಮತ್ತು ನಿರ್ವಹಣೆ, ಒಟ್ಟು 54. ವಿದ್ಯುತ್ತಿನ ಖರ್ಚು ಇಡೀ ಕಟ್ಟಡದ ಬಿಲ್ಲಿನಲ್ಲಿ ಸೇರಿಹೋಗುತ್ತಿತ್ತು, ನಮ್ಮ ಸಮಯ ಸಂಬಳದಲ್ಲಿ ಸೇರಿಹೋಗುತ್ತಿತ್ತು. ಆದ್ದರಿಂದ ಅವೆರಡೂ ಅವರ ಕಣ್ಣಿಗೆ ಖರ್ಚುಗಳೇ ಆಗಿರಲಿಲ್ಲ. ಸಾಗಿಸುವ ಮೊದಲು ಈ ಪಟ್ಟಿಯನ್ನು ಕಾಗದದ ಮೇಲೆ ಬರೆದು ನಾನೂ ಲೆಕ್ಕಪತ್ರದವರೂ ಸಹಿ ಹಾಕಿಕೊಳ್ಳಬೇಕಾಗಿತ್ತು. ನಾನು ಹಾಗೆ ಮಾಡಲಿಲ್ಲ, ಅದರಿಂದಾಗಿ ಮುಂದೆ ಆರು ತಿಂಗಳು ನೂರಕ್ಕೆ ಹೋಲಿಸಬೇಕೇ ಐವತ್ನಾಲ್ಕಕ್ಕೆ ಹೋಲಿಸಬೇಕೇ ಎಂಬ ಚರ್ಚೆಯಲ್ಲೇ ಸಭೆಗಳು ಮುಗಿಯುತ್ತಿದ್ದವು.

ಮೊದಲ ಪ್ರಯತ್ನದಲ್ಲಿ ನಾನು ಮಾಡಿದ್ದು ಬಹುತೇಕ ಎಲ್ಲರೂ ಮಾಡುವ ತಪ್ಪನ್ನೇ. ಲೆಕ್ಕಪತ್ರದ ಡೇಟಾಬೇಸ್, ಕಡತಗಳ ಸರ್ವರ್, ಆರ್ಡರ್ ತೆಗೆದುಕೊಳ್ಳುವ ವೆಬ್ ತಂತ್ರಾಂಶ, ಪರೀಕ್ಷಾ ಯಂತ್ರ ಈ ನಾಲ್ಕನ್ನೂ ಇದ್ದ ಹಾಗೆಯೇ ನಕಲು ಮಾಡಿ, ಕೋಣೆಯಲ್ಲಿ ಎಷ್ಟು ಕೋರ್ (ಪ್ರೊಸೆಸರ್‌ನ ಕೆಲಸದ ಘಟಕ) ಮತ್ತು ಎಷ್ಟು ಮೆಮೊರಿ ಇದ್ದವೋ ಅಷ್ಟನ್ನೇ ಕ್ಲೌಡ್‌ನಲ್ಲಿಯೂ ತೆಗೆದುಕೊಂಡೆ. ಬಂದ ಬಿಲ್ 170. ಅದರಲ್ಲಿ ಯಂತ್ರಗಳ ಪಾಲು 95, ಡಿಸ್ಕ್ ಮತ್ತು ಸ್ನ್ಯಾಪ್‌ಶಾಟ್‌ಗಳದ್ದು (ಡಿಸ್ಕಿನ ಆಗಿಂದಾಗಿನ ನಕಲುಗಳು) 46, ನೆಟ್‌ವರ್ಕ್‌ನದ್ದು 22, ಉಳಿದದ್ದು ಚಿಲ್ಲರೆ. ಎರಡನೆಯ ತಿಂಗಳೂ ಹಾಗೆಯೇ, ಮೂರನೆಯ ತಿಂಗಳೂ ಹಾಗೆಯೇ. ಮರಳಿ ಕೋಣೆಗೆ ಹೋಗೋಣ ಎಂದು ಆಡಳಿತ ಮಂಡಳಿ ಹೇಳಿದಾಗ ನಾನು ಇನ್ನು ಮೂರು ತಿಂಗಳ ಗಡುವನ್ನು ಕೇಳಿ ಪಡೆದೆ, ಹಳೆಯ ಯಂತ್ರಗಳನ್ನು ಅಲ್ಲಿಯವರೆಗೆ ಮಾರುವುದಿಲ್ಲವೆಂಬ ಷರತ್ತಿನ ಮೇಲೆ.

ದತ್ತಾಂಶ ಸಾಗಿಸಿದ ಕಥೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮಲ್ಲಿದ್ದದ್ದು ಸುಮಾರು 6 ಟೆರಾಬೈಟ್. ಸೆಕೆಂಡಿಗೆ 100 ಮೆಗಾಬಿಟ್‌ನ ಸಂಪರ್ಕದಲ್ಲಿ ಕಾಗದದ ಲೆಕ್ಕಕ್ಕೆ ಐದೂವರೆ ದಿನ ಸಾಕು; ನಮಗೆ ಹಿಡಿದದ್ದು 19 ದಿನ. ಹಗಲಿನಲ್ಲಿ ಕಚೇರಿಯ ಕೆಲಸ ನಿಲ್ಲದಂತೆ 30 ಮೆಗಾಬಿಟ್‌ಗೆ ಮಿತಿ ಹಾಕಬೇಕಾಯಿತು ಎಂಬುದು ಒಂದು ಕಾರಣವಾದರೆ, ಅದಕ್ಕಿಂತ ದೊಡ್ಡ ಕಾರಣ 38 ಲಕ್ಷದಷ್ಟಿದ್ದ ಸಣ್ಣ ಕಡತಗಳು. ಹಳೆಯ ಬಿಲ್‌ಗಳ ಸ್ಕ್ಯಾನ್ ಪ್ರತಿಗಳಾದ ಅವು ಒಂದೊಂದೂ 100 ಕಿಲೋಬೈಟ್ ಒಳಗಿದ್ದು, ಗಾತ್ರದಲ್ಲಿ ಏನೇನೂ ಅಲ್ಲದಿದ್ದರೂ ಪ್ರತಿಯೊಂದಕ್ಕೂ ಬೇರೆ ಬೇರೆ ಕೋರಿಕೆ, ಬೇರೆ ಬೇರೆ ಉತ್ತರ ಆಗಬೇಕಾದ್ದರಿಂದ ಸಂಪರ್ಕ ಖಾಲಿಯಿದ್ದರೂ ಕೆಲಸ ಮುಂದೆ ಸಾಗುತ್ತಿರಲಿಲ್ಲ. ಕೊನೆಗೆ ಒಂದೊಂದು ತಿಂಗಳ ಕಡತಗಳನ್ನು ಒಂದೊಂದು ಟಾರ್ ಕಟ್ಟಾಗಿ (ಹಲವು ಕಡತ ಸೇರಿಸಿದ ಒಂದೇ ಕಡತ) ಕಟ್ಟಿ ಕಳುಹಿಸಿದ ಮೇಲೆ ವೇಗ ಬಂತು. ನಮ್ಮ ವೆಬ್ ವಿಳಾಸದ ಹೆಸರನ್ನು ಹೊಸ ಯಂತ್ರಗಳತ್ತ ತಿರುಗಿಸುವ ದಿನಕ್ಕೆ ಮೂರು ದಿನ ಮೊದಲೇ ಡಿಎನ್‌ಎಸ್‌ನ (ಹೆಸರನ್ನು ಯಂತ್ರದ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ಟಿಟಿಎಲ್ ಅವಧಿಯನ್ನು, ಅಂದರೆ ಹಳೆಯ ವಿಳಾಸವನ್ನು ಇತರ ಯಂತ್ರಗಳು ನೆನಪಿಟ್ಟುಕೊಳ್ಳುವ ಕಾಲವನ್ನು, 24 ಗಂಟೆಯಿಂದ 5 ನಿಮಿಷಕ್ಕೆ ಇಳಿಸಿದ್ದರಿಂದ, ಆ ಶನಿವಾರ ರಾತ್ರಿಯ ವರ್ಗಾವಣೆಯಲ್ಲಿ ಒಂದು ಆರ್ಡರ್ ಸಹ ತಪ್ಪಿಹೋಗಲಿಲ್ಲ.

ಗಡುವಿನ ಮೂರು ತಿಂಗಳಲ್ಲಿ ಮೊದಲ ಆರು ವಾರ ನಾನು ಏನನ್ನೂ ಬದಲಿಸದೆ ಬರೀ ಅಳತೆ ಮಾಡಿದೆ. ಐದು ನಿಮಿಷಕ್ಕೊಮ್ಮೆ ಪ್ರತಿ ಯಂತ್ರದ ಸಿಪಿಯು, ಮೆಮೊರಿ, ಡಿಸ್ಕಿನ ಓದು ಬರಹಗಳನ್ನು ದಾಖಲಿಸಿಕೊಂಡೆ. ತಿಂಗಳ ಕೊನೆಯ ಒತ್ತಡ ಒಂದು ಸಲವಾದರೂ ಪೂರ್ತಿಯಾಗಿ ಆ ಅವಧಿಯೊಳಗೆ ಬರುವಂತೆ ನೋಡಿಕೊಂಡೆ. ಮೆಮೊರಿಯ ಅಳತೆ ಕ್ಲೌಡ್‌ನ ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ ಯಂತ್ರದೊಳಗೆ ಅಳೆಯುವ ಸಣ್ಣ ತಂತ್ರಾಂಶವೊಂದನ್ನು (ಏಜೆಂಟ್) ಹಾಕಲೇಬೇಕು. ಫಲಿತಾಂಶ ನನ್ನನ್ನೇ ಬೆಚ್ಚಿಬೀಳಿಸಿತು. ಡೇಟಾಬೇಸಿಗೆ ಕೊಟ್ಟಿದ್ದ 16 ಕೋರ್‌ಗಳಲ್ಲಿ ಸರಾಸರಿ ಬಳಕೆ ಶೇ. 8 ಅಥವಾ 9 ಇತ್ತು. ಕೋಣೆಗೆ ಯಂತ್ರ ಕೊಳ್ಳುವಾಗ ಮುಂದಿನ ಐದು ವರ್ಷಗಳ ಬೆಳವಣಿಗೆಯನ್ನು ಊಹಿಸಿ ಕೊಂಡಿದ್ದೆವು. ಅದೇ ಊಹೆಯನ್ನು ಕ್ಲೌಡ್‌ನಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದಿದ್ದೆ. ಡೇಟಾಬೇಸನ್ನು 4 ಕೋರ್‌ಗೆ ಇಳಿಸಿದೆ, ಆದರೆ ಮೆಮೊರಿಯನ್ನು ಅರ್ಧಕ್ಕಿಂತ ಕಡಿಮೆ ಮಾಡಲಿಲ್ಲ. ವೆಬ್ ತಂತ್ರಾಂಶವನ್ನು ಒಂದು ದೊಡ್ಡ ಯಂತ್ರದಿಂದ ಲೋಡ್ ಬ್ಯಾಲೆನ್ಸರ್ (ಬರುವ ಕೋರಿಕೆಗಳನ್ನು ಹಂಚುವ ಸಾಧನ) ಹಿಂದಿನ ಎರಡು ಸಣ್ಣ ಯಂತ್ರಗಳಿಗೆ ಹಂಚಿದೆ. ಬಿಲ್ 170ರಿಂದ 118ಕ್ಕೆ ಬಂತು.

ಈ ಇಳಿಕೆಯ ಉತ್ಸಾಹದಲ್ಲಿ ಕೈ ಸುಟ್ಟುಕೊಂಡದ್ದೂ ಉಂಟು. ಕೆಲಸ ಕಡಿಮೆಯಿದ್ದಾಗ ಕ್ರೆಡಿಟ್ ಕೂಡಿಟ್ಟುಕೊಂಡು ಬೇಕಾದಾಗ ವೇಗ ಹೆಚ್ಚಿಸಿಕೊಳ್ಳುವ ಅಗ್ಗದ ಮಾದರಿಯ ಯಂತ್ರವನ್ನು ಡೇಟಾಬೇಸಿಗೆ ಹಾಕಿದ್ದೆ. ಇಪ್ಪತ್ತೈದು ದಿನ ಎಲ್ಲವೂ ಸುಸೂತ್ರವಾಗಿತ್ತು. ತಿಂಗಳ ಕೊನೆಯ ದಿನ ಕ್ರೆಡಿಟ್ ತೀರಿ, 20 ನಿಮಿಷದಲ್ಲಿ ಮುಗಿಯುತ್ತಿದ್ದ ವರದಿಗೆ ಮೂರು ಗಂಟೆ ಹಿಡಿಯಿತು, ಲೆಕ್ಕಪತ್ರ ವಿಭಾಗ ರಾತ್ರಿ ಹತ್ತರವರೆಗೆ ಕುಳಿತಿರಬೇಕಾಯಿತು. ಮಿತಿಯಿಲ್ಲದ ವಿಧಾನಕ್ಕೆ ಬದಲಿಸಿದರೆ ವೇಗ ಬರುತ್ತದೆ, ಆದರೆ ಹೆಚ್ಚುವರಿ ಬಳಕೆಗೆ ಬಿಲ್ ಕೂಡ ಬರುತ್ತದೆ. ಹಾಗಾಗಿ ಆ ಮಾದರಿಯನ್ನು ಈಗ ಪರೀಕ್ಷಾ ಯಂತ್ರಗಳಿಗೆ ಮಾತ್ರ ಬಳಸುತ್ತೇನೆ.

ನೆಟ್‌ವರ್ಕ್‌ನ 22ರ ಮೂಲವನ್ನು ಹುಡುಕಲು ಎರಡು ವಾರ ಬೇಕಾಯಿತು. ತಂತ್ರಾಂಶ ಒಂದು ವಲಯದಲ್ಲಿ (ಕ್ಲೌಡ್ ಕಂಪನಿಯ ಪ್ರತ್ಯೇಕ ಡೇಟಾ ಕೇಂದ್ರ), ಡೇಟಾಬೇಸ್ ಇನ್ನೊಂದು ವಲಯದಲ್ಲಿ ಇದ್ದುದರಿಂದ, ಅವುಗಳ ನಡುವೆ ಓಡಾಡಿದ ಪ್ರತಿ ಗಿಗಾಬೈಟಿಗೂ ಹೊರಡುವ ಕಡೆ ಒಂದು, ತಲುಪುವ ಕಡೆ ಇನ್ನೊಂದು ಎಂಬಂತೆ ಎರಡೂ ಗಡಿಗಳಲ್ಲಿ ಸುಂಕ ಕಟ್ಟುತ್ತಿದ್ದೆವು. ಅದಕ್ಕಿಂತ ನೋವು ಕೊಟ್ಟದ್ದು ಬ್ಯಾಕಪ್. ಪ್ರತಿ ರಾತ್ರಿ ಅದು ಆಬ್ಜೆಕ್ಟ್ ಸ್ಟೋರೇಜ್‌ಗೆ (ಕಡತಗಳ ಅಗ್ಗದ ಸಂಗ್ರಹ ಸೇವೆ) ಹೋಗುತ್ತಿದ್ದದ್ದು ನ್ಯಾಟ್ ಗೇಟ್‌ವೇ (ಒಳಗಿನ ಯಂತ್ರಗಳು ಹೊರಜಾಲಕ್ಕೆ ಹೋಗುವ ಬಾಗಿಲು) ಮೂಲಕ. ಆ ಗೇಟ್‌ವೇ ಗಂಟೆಗೂ ಹಣ ಕೇಳುತ್ತದೆ, ದಾಟಿದ ಗಿಗಾಬೈಟಿಗೂ ಹಣ ಕೇಳುತ್ತದೆ. ಅದೇ ಸ್ಟೋರೇಜ್‌ಗೆ ಒಳದಾರಿಯ ಎಂಡ್‌ಪಾಯಿಂಟ್ ಒಂದನ್ನು ಯಾವ ಶುಲ್ಕವೂ ಇಲ್ಲದೆ ಹಾಕಿಕೊಳ್ಳಬಹುದಿತ್ತು, ರೂಟ್ ಟೇಬಲ್‌ನಲ್ಲಿ (ದತ್ತಾಂಶದ ದಾರಿಗಳ ಪಟ್ಟಿ) ಒಂದು ಸಾಲು ಸೇರಿದರೆ ಕೆಲಸ ಮುಗಿಯುತ್ತಿತ್ತು. ಜೊತೆಗೆ, ಅಳಿಸಿದ ಯಂತ್ರಗಳ ಹಿಂದೆ ಉಳಿದುಕೊಂಡಿದ್ದ ಅನಾಥ ಡಿಸ್ಕುಗಳು, ಅರ್ಧಕ್ಕೆ ನಿಂತ ಅಪ್‌ಲೋಡ್‌ಗಳ ತುಂಡುಗಳು, ಆವೃತ್ತಿ ಉಳಿಸುವ ವ್ಯವಸ್ಥೆಯಿಂದಾಗಿ ಕಣ್ಣಿಗೆ ಕಾಣದೆ ಕುಳಿತಿದ್ದ ಹಳೆಯ ಪ್ರತಿಗಳು, ಇವೆಲ್ಲಕ್ಕೂ ಬಾಡಿಗೆ ಹೋಗುತ್ತಿತ್ತು. ಇದೆಲ್ಲ ತೆಗೆದ ಮೇಲೆ 92.

ಪರೀಕ್ಷಾ ಯಂತ್ರಗಳನ್ನು ವಾರಕ್ಕೆ ಐದು ದಿನ, ದಿನಕ್ಕೆ 12 ಗಂಟೆ ಮಾತ್ರ ಚಾಲನೆಯಲ್ಲಿಡುವ ವೇಳಾಪಟ್ಟಿ ಹಾಕಿದೆ. ವಾರದ 168 ಗಂಟೆಗಳಲ್ಲಿ 60 ಗಂಟೆ, ಅಂದರೆ ಆ ಭಾಗದಲ್ಲಿ ಶೇ. 64ರಷ್ಟು ಉಳಿತಾಯ. ಇಲ್ಲೊಂದು ಎಚ್ಚರ ಬೇಕು: ನಾವು ಬಳಸುವ ಸೇವೆಯಲ್ಲಿ, ನಿಲ್ಲಿಸಿಟ್ಟ ನಿರ್ವಹಿತ ಡೇಟಾಬೇಸ್ (ಕ್ಲೌಡ್ ಕಂಪನಿಯೇ ನೋಡಿಕೊಳ್ಳುವಂಥದ್ದು) 7 ದಿನಗಳ ನಂತರ ತಾನಾಗಿಯೇ ಮತ್ತೆ ಚಾಲೂ ಆಗುತ್ತದೆ. ಪರೀಕ್ಷೆಗೆಂದು ಇಟ್ಟಿದ್ದ ಒಂದು ಡೇಟಾಬೇಸ್ ಹೀಗೆ ಎದ್ದು, ಯಾರ ಗಮನಕ್ಕೂ ಬಾರದೆ ಹದಿನೆಂಟು ದಿನ ಓಡಿತು.

ಹೀಗೆ 83ಕ್ಕೆ ಇಳಿದಿದ್ದ ಬಿಲ್ಲನ್ನು ಬೇಕೆಂದೇ 91ಕ್ಕೆ ಏರಿಸಿದ್ದು ನಾನೇ. ಡೇಟಾಬೇಸಿಗೆ ಇನ್ನೊಂದು ವಲಯದಲ್ಲಿ ಸದಾ ಸಿದ್ಧವಾಗಿರುವ ಜೋಡಿಯನ್ನು ಇಟ್ಟೆ. ಕೆಲಸ ಮಾಡದ ಯಂತ್ರಕ್ಕೇಕೆ ಹಣ ಎಂದು ಲೆಕ್ಕಪತ್ರದ ಹಿರಿಯರು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಶೇ. 99.9ರಷ್ಟು ಸಮಯ ಸೇವೆ ಲಭ್ಯವಿರುತ್ತದೆಂಬ ಕ್ಲೌಡ್ ಕಂಪನಿಯ ಭರವಸೆ ಎಂದರೆ ತಿಂಗಳಿಗೆ ಸುಮಾರು 43 ನಿಮಿಷ ಸೇವೆ ನಿಂತರೂ ಒಪ್ಪಂದ ಮುರಿದಂತಲ್ಲ, ಮುರಿದರೂ ಸಿಗುವುದು ಬಿಲ್ಲಿನಲ್ಲಿ ರಿಯಾಯಿತಿಯೇ ಹೊರತು ತಪ್ಪಿಹೋದ ಆರ್ಡರ್‌ಗಳ ಬೆಲೆಯಲ್ಲ ಎಂದು ವಿವರಿಸಿದೆ. ಅವರು ಅರೆಮನಸ್ಸಿನಿಂದ ಸುಮ್ಮನಾದರು. ಒಂಬತ್ತನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ನಮ್ಮ ಮುಖ್ಯ ವಲಯದ ನೆಟ್‌ವರ್ಕ್ ಕೈಕೊಟ್ಟಿತು. ಜೋಡಿ ಡೇಟಾಬೇಸ್ ಒಂದೂವರೆ ನಿಮಿಷದಲ್ಲಿ ಕೆಲಸವನ್ನು ವಹಿಸಿಕೊಂಡಿತು. ಹಳೆಯ ಕೋಣೆಯಲ್ಲಿ ಒಂದು ಡಿಸ್ಕ್ ಕೆಟ್ಟಾಗ ನಾವು ಒಂದು ದಿನ ಪೂರ್ತಿ ಕೈಬರಹದಲ್ಲಿ ಆರ್ಡರ್ ಬರೆದುಕೊಂಡದ್ದು ಎಲ್ಲರಿಗೂ ನೆನಪಿತ್ತು. ಆ ಎಂಟರ ಬಗ್ಗೆ ಮತ್ತೆ ಯಾರೂ ಪ್ರಶ್ನೆ ಎತ್ತಿಲ್ಲ.

ಬಳಕೆ ನಾಲ್ಕು ತಿಂಗಳು ಒಂದೇ ಮಟ್ಟದಲ್ಲಿ ನಿಂತ ಮೇಲಷ್ಟೇ ನಾನು ದೀರ್ಘಾವಧಿಯ ಬದ್ಧತೆಗೆ (ಇಷ್ಟು ಬಳಸುತ್ತೇವೆಂದು ಮೊದಲೇ ಒಪ್ಪಿ ರಿಯಾಯಿತಿ ಪಡೆಯುವುದು) ಸಹಿ ಹಾಕಿದೆ. ಮಾರಾಟದವರು ಮೂರು ವರ್ಷಕ್ಕೆ ಒತ್ತಾಯಿಸಿದರು; ನಾನು ಒಂದು ವರ್ಷಕ್ಕೆ, ಅದೂ ಕನಿಷ್ಠ ಬಳಕೆಯ ಸುಮಾರು ಶೇ. 70ರಷ್ಟಕ್ಕೆ ಮಾತ್ರ, ಯಂತ್ರದ ಮಾದರಿಗೆ ಕಟ್ಟಿಹಾಕದ ಯೋಜನೆಯನ್ನೇ ತೆಗೆದುಕೊಂಡೆ. ಮುಂದೆ ಎಆರ್‌ಎಂ ಎಂಬ ಬೇರೆ ವಿನ್ಯಾಸದ ಪ್ರೊಸೆಸರ್‌ಗೆ ಹೋದಾಗ ಈ ಆಯ್ಕೆ ನನ್ನನ್ನು ಉಳಿಸಿತು. ನವೀಕರಣದ ಮಾತುಕತೆಯಲ್ಲಿ ಇನ್ನೂ ಸ್ವಲ್ಪ ರಿಯಾಯಿತಿ ಪಡೆದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಅದು ಮುಂದಿನ ವರ್ಷವೂ ನನಗೆ ಬೇಕಾಗುತ್ತದೆ.

ಕಡತಗಳ ಸರ್ವರನ್ನು ತೆಗೆದುಹಾಕಿ ಕಡತಗಳನ್ನೆಲ್ಲ ಆಬ್ಜೆಕ್ಟ್ ಸ್ಟೋರೇಜ್‌ಗೆ ಸೇರಿಸಿದ್ದು ಒಂದೇ ಏಟಿಗೆ 20 ಉಳಿಸಿತು. ಇಲ್ಲಿಯೂ ಮೊದಲು ಎಡವಿದೆ. ಅಪರೂಪಕ್ಕೆ ಬಳಸುವ ಕಡತಗಳ ಅಗ್ಗದ ದರ್ಜೆಗೆ ಆ 38 ಲಕ್ಷ ಸ್ಕ್ಯಾನ್‌ಗಳನ್ನು ನೇರವಾಗಿ ಹಾಕಿದಾಗ ಬಿಲ್ ಇಳಿಯುವ ಬದಲು ಏರಿತು. ಆ ದರ್ಜೆಯಲ್ಲಿ 128 ಕಿಲೋಬೈಟಿಗಿಂತ ಚಿಕ್ಕ ಕಡತಕ್ಕೂ 128ರ ಲೆಕ್ಕದಲ್ಲೇ ಹಣ, ಕನಿಷ್ಠ 30 ದಿನಗಳ ಬಾಡಿಗೆ, ಸಾಲದ್ದಕ್ಕೆ ದರ್ಜೆ ಬದಲಿಸುವ ಪ್ರತಿ ಕೋರಿಕೆಗೂ ಶುಲ್ಕ. ಸಾಗಣೆಗೆ ಕಟ್ಟಿದ್ದ ತಿಂಗಳ ಕಟ್ಟುಗಳನ್ನೇ ಹಾಗೆಯೇ ಇಟ್ಟಿದ್ದರೆ ಈ ನಷ್ಟವೇ ಇರುತ್ತಿರಲಿಲ್ಲ. ಈಗ ಕಟ್ಟುಗಳಲ್ಲಿಯೇ ಇಟ್ಟಿದ್ದೇನೆ, ಮತ್ತು ಪೂರ್ತಿ ಕಟ್ಟನ್ನು ಇಳಿಸಿಕೊಳ್ಳದೆ ಅದರೊಳಗಿನ ಒಂದೇ ಬಿಲ್ಲನ್ನು ಎರಡು ಸೆಕೆಂಡಿನೊಳಗೆ ತೆರೆಯುವ ಸೂಚಿಯೊಂದನ್ನು ನಾನೇ ರೂಪಿಸಿದ್ದೇನೆ. ಇದನ್ನು ನೋಡಿದ ಇಬ್ಬರು ಸಮವೃತ್ತಿಯವರು ತಮಗೂ ಕೊಡಿ ಎಂದು ಕೇಳಿದ್ದಾರೆ. ಸದ್ಯಕ್ಕೆ ನನ್ನಲ್ಲೇ ಇರಲಿ.

ಸ್ಪಾಟ್ ಯಂತ್ರಗಳ (ಬಳಕೆಯಾಗದೆ ಉಳಿದು ಅಗ್ಗಕ್ಕೆ ಸಿಗುವ ಯಂತ್ರಗಳು) ಪ್ರಯೋಗವನ್ನು ಕುತೂಹಲಕ್ಕೆ ಮಾಡಿದ್ದೆ. ರಾತ್ರಿಯ ವರದಿಗಳಿಗೆ ಅವು ಮೂರನೇ ಒಂದರಷ್ಟು ಬೆಲೆಗೆ ಸಿಕ್ಕಿದವು, ಆದರೆ ಎರಡು ನಿಮಿಷದ ಮುನ್ಸೂಚನೆ ಕೊಟ್ಟು ಯಂತ್ರವನ್ನು ಹಿಂದಕ್ಕೆ ಪಡೆಯುತ್ತಾರೆ. ಮೊದಲ ತಿಂಗಳು ಮೂರು ಬಾರಿ ಹಾಗಾಯಿತು. ಪ್ರತಿ 500 ಸಾಲಿಗೊಮ್ಮೆ ಎಲ್ಲಿಯವರೆಗೆ ಮುಗಿದಿದೆ ಎಂದು ಬರೆದಿಡುವಂತೆ ತಂತ್ರಾಂಶವನ್ನು ತಿದ್ದಿದ ಮೇಲೆ ತೊಂದರೆಯಿಲ್ಲ. ವೆಬ್ ತಂತ್ರಾಂಶವನ್ನು ಎಆರ್‌ಎಂಗೆ ಸಾಗಿಸಲು ಚಿತ್ರ ಸಂಸ್ಕರಣೆಯ ಒಂದು ಲೈಬ್ರರಿಯನ್ನು (ಸಿದ್ಧ ತಂತ್ರಾಂಶದ ತುಣುಕು) ಮರಳಿ ಕಟ್ಟಬೇಕಾಯಿತು, ಉಳಿದದ್ದು ತೊಡಕಿಲ್ಲದೆ ಓಡಿತು. ಲೆಕ್ಕಪತ್ರದ ತಂತ್ರಾಂಶಕ್ಕೆ ಎಆರ್‌ಎಂ ಆವೃತ್ತಿಯೇ ಇಲ್ಲವಾದ್ದರಿಂದ ಅದು ಹಳೆಯ ಮಾದರಿಯಲ್ಲೇ ಇದೆ.

ಬ್ಯಾಕಪ್ ಇದೆ ಎಂಬ ನಂಬಿಕೆಯನ್ನು ಪರೀಕ್ಷಿಸಿದ ದಿನವನ್ನು ಮರೆಯಲಾರೆ. ಎಲ್ಲವನ್ನೂ ಖಾಲಿ ಖಾತೆಯೊಂದರಲ್ಲಿ ಮರಳಿ ಕಟ್ಟಲು ಮೊದಲ ಸಲ 11 ಗಂಟೆ ಹಿಡಿಯಿತು, ಅದರಲ್ಲಿ ಏಳು ಗಂಟೆ ಹೋದದ್ದು ಗೂಢಲಿಪಿಯ ಕೀಲಿ ಮೂಲ ಖಾತೆಯಲ್ಲೇ ಉಳಿದು ಹೊಸ ಖಾತೆಗೆ ಅನುಮತಿ ಇಲ್ಲದ್ದರಿಂದ. ನಿಜವಾದ ಅನಾಹುತದಲ್ಲಿ ಮೂಲ ಖಾತೆಯೇ ಕೈತಪ್ಪಿದ್ದರೆ ಬ್ಯಾಕಪ್ ಇದ್ದೂ ನಾವು ಬರಿಗೈಯಲ್ಲಿರುತ್ತಿದ್ದೆವು. ಈಗ ಕೀಲಿಯ ವ್ಯವಸ್ಥೆ ಪ್ರತ್ಯೇಕವಾಗಿದೆ, ಬ್ಯಾಕಪ್ ಬೇರೆ ಖಾತೆಯಲ್ಲಿ 30 ದಿನ ಯಾರೂ ಅಳಿಸಲಾಗದಂತೆ ಬೀಗ ಹಾಕಿಕೊಂಡಿದೆ, ಮೂರು ತಿಂಗಳಿಗೊಮ್ಮೆ ಈ ಕಸರತ್ತು ನಡೆಯುತ್ತದೆ. ಕಳೆದ ಸಲ 2 ಗಂಟೆ 40 ನಿಮಿಷದಲ್ಲಿ ಮುಗಿಸಿದೆವು.

ಈಗಿನ ಬಿಲ್ 53. ನಮ್ಮಿಬ್ಬರ ಸಮಯದ 9 ಸೇರಿಸಿದರೆ 62. ಹಿರಿಯರು ಒಪ್ಪಿದ್ದ 54ರ ಲೆಕ್ಕದಲ್ಲಿ ನೋಡಿದರೂ ಬಿಲ್ ಅದರೊಳಗೇ ಇದೆ, ಮತ್ತು ಈಗ ಪ್ರತಿ ತಿಂಗಳ ಮೂರನೆಯ ತಾರೀಖಿಗೆ ಟ್ಯಾಗ್‌ಗಳ (ಯಾವ ವಿಭಾಗದ್ದೆಂದು ತಿಳಿಸುವ ಗುರುತುಗಳು) ಪ್ರಕಾರ ವಿಭಾಗವಾರು ಖರ್ಚಿನ ಪಟ್ಟಿಯನ್ನು ಅವರೇ ಕೇಳಿ ಪಡೆಯುತ್ತಾರೆ. ಹಳೆಯ ಯಂತ್ರಗಳಲ್ಲಿ ಮೂರನ್ನು ಮಾರಿದ್ದೇವೆ, ಒಂದನ್ನು ದತ್ತಾಂಶದ ಮೂರನೆಯ ಪ್ರತಿಗೆಂದು ಇಟ್ಟುಕೊಂಡಿದ್ದೇವೆ. ಸದ್ಯ ನನ್ನ ಕೈಯಲ್ಲಿರುವ ಕೆಲಸ ಲಾಗ್‌ಗಳದ್ದು (ಯಂತ್ರಗಳು ತಾವಾಗಿ ಬರೆದಿಡುವ ದಾಖಲೆಗಳು): ಆರು ತಿಂಗಳ ಹಿಂದೆ ಒಂದಿದ್ದ ಅವುಗಳ ಖರ್ಚು ಈಗ ನಾಲ್ಕಾಗಿದೆ, ಯಾವ ಸಾಲುಗಳನ್ನು ಯಾರೂ ಎಂದೂ ಓದುವುದಿಲ್ಲ ಎಂಬುದನ್ನು ವಾರದಿಂದ ಎಣಿಸುತ್ತಿದ್ದೇನೆ.