ಒಣಗಿದ ಬೊಂಡಾಸ್‌ಗೆ ಜೀನ್ಸ್ ತೊಳೆಯೋ ಪುಡಿ

ಬಳ್ಳಾರಿಯಲ್ಲಿ ಕೂತು ಆಳಸಮುದ್ರದ ಸ್ಕ್ವಿಡ್ (ಕರಾವಳಿಯವರ ಬೊಂಡಾಸ್) ನೋಡ್ತೀಯಾ ಅಂತ ನಕ್ಕವರು ಬಹಳ ಜನ. ನನ್ನ ಕೈಯಲ್ಲೇ ಒಣಗಿಹೋದ ಒಂದು ಸ್ಕ್ವಿಡ್‌ನ ತಿಪ್ಪೆಗೆ ಹಾಕು ಅಂದವರಲ್ಲಿ ನನ್ನ ಗೈಡ್ ಕೂಡ ಒಬ್ಬರು. ಈಗ ಹೊಸ ಪ್ರಭೇದದ ಪೇಪರ್ ಒಪ್ಪಿಗೆಯಾಗಿದೆ, ಅದೇ ಒಣಗಿದ್ದು ಪ್ಯಾರಾಟೈಪ್ ಆಗಿದೆ, ಅಂದರೆ ಹೊಸ ಪ್ರಭೇದದ ವಿವರಣೆಗೆ ಮುಖ್ಯ ಮಾದರಿಯ ಜೊತೆ ಆಧಾರವಾಗುವ ಮಾದರಿ. ಅದಕ್ಕೇ ಬರೆಯುತ್ತಿದ್ದೇನೆ.

ಕೇರಳದ ಕೊಲ್ಲಂನಲ್ಲಿ ಆಳದ ಸೀಗಡಿ ಹಿಡಿಯುವ ಟ್ರಾಲರ್‌ಗಳ ಬಲೆಗೆ ಸುಮ್ನೆ ಸಿಕ್ಕ ಮೂರು ಪೀಸು, ಗೆಳೆಯ ಕಳಿಸಿದ್ದ. ಟೆಂಟಕಲ್ (ಎಂಟು ತೋಳಿನ ಜೊತೆ ಇರುವ ಎರಡು ಉದ್ದನೆಯ ಬಾಹು) ಇಲ್ಲ, ತೋಳಿನ ತುಂಬ ಕೊಕ್ಕೆ. ಆಕ್ಟೊಪೊಟ್ಯೂಥಿಡೆ ಅನ್ನೋ ಸ್ಕ್ವಿಡ್ ಕುಟುಂಬ ಅನ್ನೋದಕ್ಕೆ ಅಷ್ಟು ಸಾಕಲ್ವಾ. 2025ರಲ್ಲಿ ಹೆಸರು ಪಡೆದ ಟನಿಂಜಿಯಾ ಸಿಲಾಸಿ ಇದೇ ಕುಟುಂಬದ್ದು, ಅದೂ ಕೊಲ್ಲಂ ಕಡೆಯದೇ. ಇವುಗಳದ್ದೊಂದು ಕಾಟ, ಗಾಬರಿಯಾದರೆ ತೋಳಿನ ತುದಿಯನ್ನು ತಾವೇ ಕಳಚಿ ಬಿಡುತ್ತವೆ. ನನ್ನ ಮೂರರಲ್ಲಿ ತೋಳು ಪೂರ್ತಿ ಉಳಿದದ್ದು ಒಂದಕ್ಕೆ ಮಾತ್ರ. ನಾನು ಹಾಳು ಮಾಡಿದ್ದೂ ಅದನ್ನೇ.

ತಂಗಿ ಮದುವೆಗೆ ಅಂತ ಸಿಂಧನೂರಿಗೆ ಹೋದವನು ಇಪ್ಪತ್ತು ದಿನ ಬಿಟ್ಟು ಬಂದೆ. ಮೇ ತಿಂಗಳು, 42 ಡಿಗ್ರಿ, ಮುಚ್ಚಳ ಸಡಿಲ. ಆಲ್ಕೋಹಾಲ್ ಎಲ್ಲ ಹಾರಿ ಹೋಗಿತ್ತು. ಜಾಡಿಯಲ್ಲಿ ಹಪ್ಪಳ.

ಬರೀ ನೀರಲ್ಲಿ ನೆನೆಸಿದರೆ ನಾತ ಬಂತೇ ಹೊರತು ಬಿಚ್ಚಲಿಲ್ಲ. ಗ್ಲಿಸರಿನ್ ಹಾಕಿದರೆ ಬರೀ ಅಂಟು. ಆಮೇಲೆ ಒಣಗಿದ ಮಾದರಿ ಮೆತ್ತಗಾಗಿಸೋ ಮ್ಯೂಸಿಯಂನವರ ಹಳೇ ದಾರಿ ನೆನಪಾಯಿತು, ಟ್ರೈಸೋಡಿಯಂ ಫಾಸ್ಫೇಟ್ ಪುಡಿ. ಅದನ್ನ ಹುಡುಕಿಕೊಂಡು ಬೆಂಗಳೂರಿಗೆ ಯಾಕೆ ಹೋಗಬೇಕು? ಇಲ್ಲಿ ಜೀನ್ಸ್ ವಾಷಿಂಗ್ ಯೂನಿಟ್‌ಗಳಿಗೆ ಕೆಮಿಕಲ್ ಮಾರುವ ಅಂಗಡಿಯಲ್ಲೇ ಕೇಳಿದೆ. "ಎಷ್ಟು ಪ್ಯಾಂಟು ಅದಾವ್ ಸಾರ್?" ಅಂದ. ಕಿಲೋಗೆ ನೂರೈವತ್ತೋ ಏನೋ ಕೊಟ್ಟೆ.

ನೇರ ಅದರ ಮೇಲೆ ಪ್ರಯೋಗ ಮಾಡುವ ಧೈರ್ಯ ಇರಲಿಲ್ಲ. ಮಂಗಳೂರಿಂದ ಐಸ್ ಡಬ್ಬದಲ್ಲಿ ಎರಡು ಕಿಲೋ ಬೊಂಡಾಸ್ ತರಿಸಿ ಮಾಳಿಗೆ ಮೇಲೆ ಒಣಗಿಸಿದೆ. ಅರ್ಧ ಬೆಕ್ಕು ತಿಂತು, "ಏನ್ರೀ ಇದು ನಾತ" ಅಂತ ಮನೆಯಾಕೆ ಮೂರು ದಿನ ಮಾತು ಬಿಟ್ಟಳು. ಲೀಟರಿಗೆ 10 ಗ್ರಾಂ ಹಾಕಿದ್ದು ಗಂಜಿಯಾಯಿತು. 5 ಗ್ರಾಂ ಸರಿಹೋಯಿತು. ಪುಡಿ ಮಿಕ್ಕಿತ್ತಲ್ಲ, ಸಂತೆಯ ಒಣ ಸೀಗಡಿಗೂ ಹಾಕಿ ನೋಡಿದೆ, ಮೀಸೆ ಎಷ್ಟು ಚೆನ್ನಾಗಿ ನೆಟ್ಟಗಾದವು ಅಂದರೆ ಕೆಲಸ ಬಿಟ್ಟು ಒಂದು ವಾರ ಅದನ್ನೇ ಮಾಡಿದೆ.

ಕೊನೆಗೆ ನಮ್ಮ ಒಣಗಿದ ಸ್ಕ್ವಿಡ್ ಆ ನೀರಲ್ಲಿ ಬಿಚ್ಚೋಕೆ ಎರಡೂವರೆ ದಿನ. ನಂತರ 30, 50, 70 ಪರ್ಸೆಂಟ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಆಲ್ಕೋಹಾಲ್‌ಗೆ ಏರಿಸಬೇಕು, ನೇರ 70ಕ್ಕೆ ಹಾಕಿದರೆ ಮತ್ತೆ ಹಪ್ಪಳವೇ. ನಡುವೆ ನೀರು ಯಾವಾಗ ಬದಲಿಸಬೇಕು, ತೋಳನ್ನ ಯಾವುದರ ಮೇಲೆ ಮಲಗಿಸಬೇಕು, ಅದು ಮಾತ್ರ ನನ್ನ ಹತ್ತಿರವೇ ಇರಲಿ. ಮ್ಯಾಂಟಲ್ (ಮೈಯ ಚೀಲ) ಉದ್ದ ನಂಬೋ ಹಾಗಿರಲಿಲ್ಲ, ಕುಗ್ಗಿತ್ತು. ಕೊಕ್ಕೆಗಳು ಮಾತ್ರ ತುದಿಯವರೆಗೂ ಎಣಿಸೋಕೆ ಸಿಕ್ಕವು.

ದುಡ್ಡು ಹೋಗಿದ್ದು ಡಿಎನ್‌ಎಗೆ. ಫಾರ್ಮಲಿನ್ ಕುಡಿದ ತುಂಡನ್ನ ಕಳಿಸಿ ನಾಲ್ಕೂವರೆ ಸಾವಿರ ನೀರಿಗೆ ಹಾಕಿದೆ, ಫಾರ್ಮಲಿನ್ ಡಿಎನ್‌ಎ ಕೆಡಿಸುತ್ತೆ ಅಂತ ಗೊತ್ತಿದ್ದೂ ಮಾಡಿದ ತಪ್ಪು. ಗೆಳೆಯ ಮೊದಲೇ ಒಂದು ಚೂರನ್ನ ಬೇರೆ ಆಲ್ಕೋಹಾಲ್‌ನಲ್ಲಿ ಇಟ್ಟಿದ್ದ, ಪ್ರಭೇದ ಗುರುತಿಸೋಕೆ ನೋಡುವ ಸಿಒಐ ಜೀನ್ ಓದಿದ್ದು ಅದರಿಂದ. ಒಟ್ಟು ಮೂವತ್ತು ಸಾವಿರದ ಒಳಗೇ ಮುಗೀತು, ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪ್ ಸೇರಿಸಿ.

ಒಣಗಿದ್ದರ ಮೇಲೆ ಹೊಸ ಪ್ರಭೇದವೇ ಅಂದ ಗೈಡ್‌ಗೆ ನಾನು ಹೇಳಿದ್ದು ಇಷ್ಟೇ. 1925ರಲ್ಲಿ ಪ್ರಾಣಿಶಾಸ್ತ್ರಜ್ಞ ರಾಬ್ಸನ್ ದೈತ್ಯ ಕೊಲೊಸಲ್ ಸ್ಕ್ವಿಡ್‌ಗೆ ಹೆಸರಿಟ್ಟಿದ್ದು ತಿಮಿಂಗಿಲದ ಹೊಟ್ಟೆಯಲ್ಲಿ ಸಿಕ್ಕ ತೋಳಿನ ಗೊಂಚಲು ನೋಡಿ ಸಾರ್, ನನ್ನ ಹತ್ತಿರ ಮೈಯಾದರೂ ಇದೆ.

ಹೆಸರು ಪೇಪರ್ ಹೊರಬರೋವರೆಗೆ ಹೇಳಲ್ಲ. ಅಂಗಡಿಯವನಿಗೆ ಮಾತ್ರ ಹೇಳಿದೆ, ಅವನಿಗೆ ಮರೆತೂ ಹೋಗಿದೆ.